ಏಳು ಗಂಟೆಯ ಸಿಗ್ನಲ್

ನವೆಂಬರ್ 3, ಸೋಮವಾರ

ಡ್ಯೂಟಿ ಮುಗಿಸಿ ಆರೂವರೆಗೆ ಮನೆ. ಇವತ್ತು ಎಕ್ಸ್‌ರೇಗೆ ಬಂದವರಲ್ಲಿ ಕೆಮ್ಮಿನವರೇ ಜಾಸ್ತಿ. ‘ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಬಿಡಿ’ — ದಿನವಿಡೀ ಅದೇ ಪಾಠ. ಹೆಂಡತಿ ಚಹಾ ಕೊಟ್ಟಾಗಲೂ ಬಾಯಿಗೆ ಅದೇ ಬಂತು. ಲೋಟ ಹಿಡಿದುಕೊಂಡೇ ನಕ್ಕಳು.

ಏಳಕ್ಕೆ ಇವಳ ಮಗಳು ಗುಬ್ಬಿಯ ಕೋಣೆಯ ಬಾಗಿಲು ಮುಚ್ಚಿತು. ಏಳರಿಂದ ಎಂಟು ಅವಳ ಅಪ್ಪನ ಹೊತ್ತು. ನಾನು ಮದುವೆಯಾಗಿ ಈ ಮನೆಗೆ ಬಂದ ಮೊದಲ ವಾರವೇ ಇವಳು ಹೇಳಿದ್ದಳು, “ರೀ, ಆ ಒಂದು ಗಂಟೆ ಮಾತ್ರ ಅವಳನ್ನ ಯಾವುದಕ್ಕೂ ಕರೀಬೇಡಿ.” ಕರೆದಿಲ್ಲ. ಇವಳ ಮೊದಲ ಗಂಡ ದೂರದ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಬೇರೆಯಾಗಿ ನಾಲ್ಕು ವರ್ಷ. ಅವನು ಅಲ್ಲಿಂದ, ಮಗಳು ಇಲ್ಲಿಂದ, ಕಂಪ್ಯೂಟರಿನಲ್ಲಿ ಒಂದು ಆಟ. ಇಬ್ಬರೂ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಂಡು ಹಿಮದ ಬೆಟ್ಟ ಹತ್ತಬೇಕು. ಒಬ್ಬರು ಜಾರಿದರೆ ಇನ್ನೊಬ್ಬರು ಹಗ್ಗ ಬಿಗಿ ಹಿಡಿಯಬೇಕು. ತಕ್ಷಣ. ಕಣ್ಣು ಮಿಟುಕಿಸುವಷ್ಟು ತಡವಾದರೂ ಇಬ್ಬರೂ ಕೆಳಗೆ.

ಇವತ್ತೂ ಬಿದ್ದರು. ಗೋಡೆಯಾಚೆಯಿಂದ ಕೂಗು: “ಅಪ್ಪಾ, ನಾನು ಒತ್ತಿದೆ! ಒತ್ತಿದೀನಿ ಅಂದ್ರೆ!” ನೆಟ್ ಕೈಕೊಟ್ಟಿತ್ತು.

ಊಟಕ್ಕೆ ಕೂತಾಗ ಗುಬ್ಬಿ ತಟ್ಟೆ ನೋಡಿಕೊಂಡೇ ಹೇಳಿದಳು. “ನೀವು ಬಂದ್ಮೇಲೇ ನೆಟ್ ಹೀಗಾಗಿದ್ದು.”

ಸಿಟ್ಟೇನೂ ಇರಲಿಲ್ಲ. ಇವತ್ತು ಸೋಮವಾರ ಅನ್ನುವ ಹಾಗೆ ಹೇಳಿದಳು. ಇವಳು ಗದರಿದಳು. “ಇರ್ಲಿ ಬಿಡು” ಅಂದೆ. ಎಲ್ಲೋ ಚುರುಕ್ಕೆಂದಿತು, ಅಷ್ಟೇ.

ನವೆಂಬರ್ 4, ಮಂಗಳವಾರ

ಇವಳಿಂದ ಗೊತ್ತಾಯಿತು. ಗುಬ್ಬಿಯ ಅಪ್ಪನಿಗೆ ಹಡಗಿನ ಕ್ರೇನ್ ಕೆಲಸ ಸಿಕ್ಕಿದೆಯಂತೆ. ಈ ತಿಂಗಳ ಇಪ್ಪತ್ತೆಂಟಕ್ಕೆ ಹತ್ತುತ್ತಾನೆ. ಆರು ತಿಂಗಳು ಸಮುದ್ರದಲ್ಲಿ. ಅಲ್ಲಿ ಆಟ ಆಡುವಂಥ ನೆಟ್ ಇರುವುದಿಲ್ಲ. ಹೋಗುವುದರೊಳಗೆ ಬೆಟ್ಟದ ತುದಿ ಮುಟ್ಟಿಬಿಡಬೇಕು ಅಂತ ಅಪ್ಪ ಮಗಳ ಒಪ್ಪಂದ. ಕೊನೆಯಲ್ಲೊಂದು ನುಣುಪು ಗೋಡೆ ಇದೆಯಂತೆ, ಗಾಜಿನ ಹಾಗೆ. ಪ್ರತಿಸಲ ಅಲ್ಲಿಗೆ ಮುಟ್ಟುವ ಮೊದಲೇ ನೆಟ್ ಹೋಗುತ್ತದೆ, ಇಬ್ಬರೂ ಬೀಳುತ್ತಾರೆ.

“ಹನ್ನೆರಡು ವರ್ಷದ ಹುಡುಗಿ, ಅಳಲ್ಲ ನೋಡಿ. ಅಪ್ಪಂಗೆ ಬೇಜಾರಾಗುತ್ತೆ ಅಂತ,” ಅಂದಳು ಇವಳು. ಸಾಬೂನಿನ ಕೈ ಹಾಗೇ ಸಿಂಕಿನಲ್ಲಿತ್ತು.

ನಾಳೆ ನೆಟ್‌ನವನನ್ನು ಕರೆಸುತ್ತೇನೆ ಅಂದೆ.

ನವೆಂಬರ್ 5, ಬುಧವಾರ

ಬಂದಿದ್ದ. ರೌಟರ್ ಪಕ್ಕ ನಿಂತು ಫೋನಿನಲ್ಲಿ ಟೆಸ್ಟ್ ಮಾಡಿದ. “ಸಾರ್, ಸ್ಪೀಡ್ ಭರ್ಜರಿಯಾಗಿದೆ!”

“ಮತ್ತೆ ಆಟ ಯಾಕೆ ನಿಲ್ಲುತ್ತೆ?”

“ಸ್ಪೀಡ್ ಬೇರೆ ಸಾರ್, ಪಿಂಗ್ ಬೇರೆ. ನೀವು ಇಲ್ಲಿಂದ ‘ಓಯ್’ ಅಂತೀರಿ. ಆ ಕಡೆಯವ್ರು ‘ಓ’ ಅಂತಾರೆ. ಆ ‘ಓ’ ವಾಪಸ್ ಬರೋಕೆ ಹಿಡಿಯೋ ಹೊತ್ತೇ ಪಿಂಗ್. ಸಿನಿಮಾ ನೋಡೋಕೆ ಸ್ಪೀಡ್ ಸಾಕು. ಆಟಕ್ಕೆ ಪಿಂಗ್ ಬೇಕು.”

ಗುಬ್ಬಿಯ ಕೋಣೆಗೆ ಹೋಗಿ ಟೆಸ್ಟ್ ಮಾಡಿದ. ಮುಖ ಇಳಿಯಿತು. “ಮಧ್ಯ ಏನೋ ತಡೀತಿದೆ ಸಾರ್.” ಟಿವಿಯ ಹಿಂದೆ ಅಡಗಿದ್ದ ರೌಟರನ್ನು ಕಪಾಟಿನ ಮೇಲಿಟ್ಟು ಹೋದ. ಸಂಜೆ ಸ್ವಲ್ಪ ವಾಸಿ. ಆದರೂ ಬಿದ್ದರು.

ನವೆಂಬರ್ 8, ಶನಿವಾರ

ನಗು ತಡೆಯಲಾಗುತ್ತಿಲ್ಲ. ಮೊದಲು ಬರೆದುಬಿಡುತ್ತೇನೆ.

ಇವತ್ತು ಒಬ್ಬರ ಮಂಡಿಯ ಎಕ್ಸ್‌ರೇ. ಕೋಣೆಯ ಸೀಸದ ಬಾಗಿಲು ಎಳೆದೆ, ಗುಂಡಿಯ ಮೇಲೆ ಬೆರಳಿಟ್ಟೆ, ಅಷ್ಟರಲ್ಲಿ ಹೊಳೆಯಿತು. ಯಾವುದರೊಳಗಿಂದ ಏನು ದಾಟುತ್ತದೆ, ಯಾವುದು ತಡೆಯುತ್ತದೆ — ಅದನ್ನು ತಿಳಿದುಕೊಂಡೇ ಅಲ್ಲವೇ ನಾನು ಹೊಟ್ಟೆ ಹೊರೆಯುವುದು? ಮನೆಯಲ್ಲಿ ರೌಟರಿಗೂ ಗುಬ್ಬಿಯ ಕೋಣೆಗೂ ಮಧ್ಯೆ, ಪ್ಯಾಸೇಜಿನಲ್ಲಿ, ಗೋಡೆಗೆ ಅಂಟಿಕೊಂಡು ಏನು ನಿಂತಿದೆ? ನನ್ನ ಬೀರು. ಉಕ್ಕಿನದು. ಬಾಗಿಲ ತುಂಬ ಕನ್ನಡಿ. ಒಂಟಿಯಾಗಿದ್ದಾಗಿನಿಂದ ಜೊತೆಗಿರುವ ಗುಂಡುಕಲ್ಲು. ಜೂನಿನಲ್ಲಿ ನಾನು ಬಂದಾಗ ಬೆಡ್‌ರೂಮಿನಲ್ಲಿ ಜಾಗ ಸಾಲದೆ ಅಲ್ಲಿ ನಿಲ್ಲಿಸಿದ್ದೆವು.

ಮನೆಗೆ ಬಂದು ಇವಳಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಂದ್ರೆ ಅವಳು ಹೇಳಿದ್ದು ನಿಜ! ನೀವು ಬಂದ್ಮೇಲೇ!”

ನವೆಂಬರ್ 9, ಭಾನುವಾರ

ಬೀರು ಸರಿಸುವ ಕಾರ್ಯಕ್ರಮ. ಬೆಡ್‌ರೂಮಿನಿಂದ ಡ್ರೆಸ್ಸಿಂಗ್ ಟೇಬಲ್ ಹೊರಗೆ, ಬೀರು ಒಳಗೆ. ಇವಳು ಹೋಟೆಲಿನ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಬೆಡ್‌ಶೀಟಿನ ಉಪಯೋಗ ಅವಳಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಬೀರುವಿನ ಕಾಲಡಿ ಹಳೆಯವನ್ನು ಮಡಚಿ ತುರುಕಿದಳು. ಗುಬ್ಬಿ ಮುಂದೆ ನಿಂತು ಅಪ್ಪಣೆ ಕೊಡುತ್ತಿದ್ದಳು. “ಎಡಕ್ಕೆ... ನನ್ನ ಎಡ ಅಲ್ಲ, ನಿಮ್ಮ ಎಡ!”

ಮೊದಲು ಒಳಗಿದ್ದುದನ್ನೆಲ್ಲ ತೆಗೆಯಬೇಕಾಯಿತು. ಒಂದು ಹಳೆಯ ಎಕ್ಸ್‌ರೇ ಫಿಲ್ಮ್ ಸಿಕ್ಕಿತು. ಗುಬ್ಬಿ ಕಿಟಕಿಗೆ ಹಿಡಿದು ನೋಡಿದಳು.

“ಇದು ಯಾರ ಕೈ?”

“ನಂದೇ. ನಿನ್ನಷ್ಟಿದ್ದಾಗ ಮುರಿದಿದ್ದು.”

“ಹೇಗೆ?”

“ಗೋಡೆ ಹತ್ತೋಕೆ ಹೋಗಿ.”

ಫಿಲ್ಮ್ ಇಳಿಸಿ ನನ್ನ ಮುಖ ನೋಡಿದಳು. “ನಿಮಗೂ ಹತ್ತೋ ಹುಚ್ಚಿತ್ತಾ?”

ಈ ಮನೆಯಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆಗಳು ಇವೇ ಇರಬೇಕು, ‘ಅಮ್ಮ ಎಲ್ಲಿ’ ಅನ್ನುವುದನ್ನು ಬಿಟ್ಟರೆ. ಬೀರು ಸರಿಸಿ ಸೊಂಟ ಹಿಡಿದುಕೊಂಡಿದೆ. ಪರವಾಗಿಲ್ಲ.

ಅವಳ ಕೋಣೆಯಲ್ಲಿ ಈಗ ಸಿಗ್ನಲ್ ತುಂಬಿದೆ. ಎಲ್ಲ ಗೀಟುಗಳೂ.

ನವೆಂಬರ್ 10, ಸೋಮವಾರ

ಬೆಟ್ಟದ ಅರ್ಧ ದಾಟಿದರು. ಆಮೇಲೆ ಮತ್ತೆ ಅದೇ. ತಡೆತಡೆದು, ಜಾರಿ, ಇಬ್ಬರೂ ಕೆಳಗೆ. ಸಿಗ್ನಲ್ ತುಂಬಾ ಇದೆ, ಪಿಂಗ್ ಮಾತ್ರ ಕುಣಿಯುತ್ತದೆ. ಯಾಕೋ ತಿಳಿಯದು.

ಇನ್ನೊಂದು. ಬೀರು ಹೋದ ಮೇಲೆ ಆ ಗೋಡೆ ತೆಳ್ಳಗಾಗಿಬಿಟ್ಟಿದೆ. ಸ್ಪೀಕರಿನಲ್ಲಿ ಅವಳ ಅಪ್ಪನ ದನಿ ಪ್ಯಾಸೇಜಿನವರೆಗೂ ಕೇಳುತ್ತದೆ. ದಪ್ಪ ದನಿ. ನಗುವಾಗ ಮೊದಲು ಕೆಮ್ಮಿದ ಹಾಗೆ. ಅವನು ನಕ್ಕರೆ ಗುಬ್ಬಿಯೂ ನಗುತ್ತಾಳೆ, ಉರುಳಿ ಉರುಳಿ. ಆ ನಗು ಊಟದ ಮೇಜಿನ ಹತ್ತಿರ ಒಂದು ದಿನವೂ ಕೇಳಿಲ್ಲ ನಾನು.

ಪೇಪರ್ ಮಡಚಿಟ್ಟು ಬಾಲ್ಕನಿಗೆ ಹೋಗಿ ನಿಂತೆ.

ನವೆಂಬರ್ 16, ಭಾನುವಾರ

ಮಂಗಳವಾರದಿಂದ ಮಧ್ಯಾಹ್ನದ ಶಿಫ್ಟ್. ಬರೆಯಲಾಗಲಿಲ್ಲ. ಮನೆ ಮುಟ್ಟುವ ಹೊತ್ತಿಗೆ ಗುಬ್ಬಿ ಮಲಗಿರುತ್ತಿದ್ದಳು.

ಇವತ್ತು ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಕಣ್ಣರಳಿಸಿ ಹೇಳಿದಳು: “ಮಂಗಳವಾರದಿಂದ ನೆಟ್ ಒಂದ್ಸಲನೂ ಹೋಗ್ಲಿಲ್ಲ ಗೊತ್ತಾ? ಗಾಜಿನ ಗೋಡೆ ಬುಡದವರೆಗೂ ಹೋದ್ವಿ!”

“ಅರೆ ವಾ!” ಅಂದೆ.

ಆಮೇಲೆ ಸ್ನಾನ ಮಾಡುವಾಗ ಲೆಕ್ಕ ಹತ್ತಿತು. ಮಂಗಳವಾರದಿಂದ ಏಳು ಗಂಟೆಗೆ ನಾನು ಮನೆಯಲ್ಲಿರಲಿಲ್ಲ. ನಾನಿಲ್ಲದ ದಿನಗಳಲ್ಲಿ ನೆಟ್ ಚೆನ್ನಾಗಿತ್ತು. ಬೀರು ಈಗ ಅಲ್ಲಿಲ್ಲ. ಉಳಿದದ್ದು ನಾನೇ. ಹಳೆಯ ಕಾಲದವರು ಇದಕ್ಕೇ ಕಾಲ್ಗುಣ ಅನ್ನುತ್ತಿದ್ದರು. ನಾನು ನಂಬುವವನಲ್ಲ. ಆದರೂ ಕಾಲಿಗೆ ಎರಡು ಚೊಂಬು ನೀರು ಹೆಚ್ಚೇ ಹೊಯ್ದುಕೊಂಡೆ.

ನವೆಂಬರ್ 17, ಸೋಮವಾರ

ಮತ್ತೆ ಹಗಲು ಡ್ಯೂಟಿ. ಆರೂವರೆಗೆ ಮನೆ. ಏಳಕ್ಕೆ ಆಟ. ಏಳೂಕಾಲಿಗೆ ನೆಟ್ ಢಮಾರ್.

ಅವಳ ಅಪ್ಪನ ನಗು ಅರ್ಧಕ್ಕೇ ತುಂಡಾಯಿತು. ಒಂದು ಕ್ಷಣ ಹಾಯೆನಿಸಿತು ನನಗೆ. ಒಂದೇ ಕ್ಷಣ. ಬರೆಯಲೂ ನಾಚಿಕೆ. ಆದರೆ ಇಲ್ಲಲ್ಲದೆ ಇನ್ನೆಲ್ಲಿ ಹೇಳಲಿ. ಅಷ್ಟರಲ್ಲಿ ಗುಬ್ಬಿ ಬಾಗಿಲು ತೆರೆದು ಹೊರಬಂದಳು. ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ಹೋಗಿ ನೀರು ಕುಡಿದು ಮರಳಿದಳು.

ಆ ಹಾಯೆನಿಸಿದ್ದು ಎಲ್ಲಿ ಹೋಯಿತೋ.

ನವೆಂಬರ್ 18, ಮಂಗಳವಾರ

ಇವತ್ತು ಒಂದು ಪರೀಕ್ಷೆ ಮಾಡಿದೆ. ಯಾರಿಗೂ ಹೇಳಿಲ್ಲ. ಕೆಲಸ ಜಾಸ್ತಿ ಇದೆ ಅಂತ ಫೋನ್ ಮಾಡಿ, ಮನೆ ಹತ್ತಿರದ ಪಾರ್ಕಿನ ಬೆಂಚಿನ ಮೇಲೆ ಎಂಟರವರೆಗೆ ಕೂತೆ. ಪಕ್ಕದಲ್ಲೊಂದು ನಾಯಿ. ಅದಕ್ಕೂ ಮನೆಗೆ ಹೋಗುವ ಅವಸರವಿರಲಿಲ್ಲ.

ಮನೆಗೆ ಬಂದು ಕೇಳಿದೆ. “ಇವತ್ತು ನೆಟ್?”

“ಸೂಪರ್!” ಅಂದಳು ಗುಬ್ಬಿ.

ಹಾಗಾದರೆ ದಿನವೂ ಪಾರ್ಕಿಗೇ ಹೋಗುವುದು. ಇಪ್ಪತ್ತೆಂಟರವರೆಗೆ ತಾನೇ. ಹೋಗಬಹುದು. ಚಳಿ ಅಷ್ಟೇನಿಲ್ಲ.

ನವೆಂಬರ್ 19, ಬುಧವಾರ

ಇದು ನನ್ನ ಜೀವನದ ಅತಿ ಸಂತೋಷದ ಮರೆವು!

ಫೋನನ್ನು ಆಸ್ಪತ್ರೆಯ ಲಾಕರಿನಲ್ಲೇ ಬಿಟ್ಟು ಪಾರ್ಕಿಗೆ ಹೋಗಿದ್ದೆ. ಇವಳು ಫೋನ್ ಮಾಡಿದ್ದಾಳೆ, ಎತ್ತಿಲ್ಲ. ಆಸ್ಪತ್ರೆಗೆ ಮಾಡಿದ್ದಾಳೆ, ಆಗಲೇ ಹೋದರಲ್ಲ ಅಂದಿದ್ದಾರೆ. ಹುಡುಕಿಕೊಂಡು ಪಾರ್ಕಿಗೇ ಬಂದಳು. “ಇಲ್ಲೇನ್ ಮಾಡ್ತಿದ್ದೀರಿ?”

ತಬ್ಬಿಬ್ಬಾಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಪಕ್ಕದಲ್ಲಿ ಕೂತಳು. “ನಿಮ್ಮ ಮನೆಗೆ ನೀವು ಬರೋಕೆ ಯಾರ ನೆಟ್ ಕೇಳ್ಬೇಕ್ರಿ?” ಅಂದಳು. ಕೈ ಹಿಡಿದು ಎಬ್ಬಿಸಿ, ಮಗುವಿನ ಹಾಗೆ ಕರೆದುಕೊಂಡು ಬಂದಳು.

ಏಳೂವರೆ. ಮನೆಯಲ್ಲಿ ನಾನಿದ್ದೇನೆ. ಗುಬ್ಬಿ ಆಡುತ್ತಿದ್ದಾಳೆ. ನೆಟ್ ಹೋಗಲಿಲ್ಲ! ಎಂಟಾಯಿತು, ಹೋಗಲಿಲ್ಲ!

ಅವಳು ಹೊರಬಂದಾಗ ಮೊದಲ ದಿನದಿಂದ ಹೇಳಿದೆ. ಪಾರ್ಕು, ನಾಯಿ, ಲಾಕರು. ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡಳು. “ಅಂದ್ರೆ ನೀವಲ್ಲ. ನಿಮ್ಮ ಫೋನು.”

ಗಂಡಸಿಗೆ ಇಷ್ಟು ಸಮಾಧಾನದ ಮಾತನ್ನು ಯಾವ ಡಾಕ್ಟರೂ ಹೇಳಿರಲಾರ.

ನವೆಂಬರ್ 20, ಗುರುವಾರ

ನಾನು ಬಂದ ಕೂಡಲೇ ಗುಬ್ಬಿ ಫೋನಿಗೆ ಕೈ ಚಾಚಿದಳು. “ಕೊಡಿ.” ಕೊಟ್ಟೆ. ಎರಡು ಸಲ ಬೆರಳಾಡಿಸಿ ಹಣೆ ಚಚ್ಚಿಕೊಂಡಳು.

“ಅಯ್ಯೋ ದೇವರೇ. ಬ್ಯಾಕಪ್ ಆನ್ ಇದೆ!”

ನನಗೆ ಅರ್ಥವಾಗುವ ಹಾಗೆ ಹೇಳಿದಳು. ಫೋನಿನಲ್ಲಿರುವ ಫೋಟೋ, ವಿಡಿಯೋ ಎಲ್ಲವನ್ನೂ ಅದು ನೆಟ್ ಮೂಲಕ ಎಲ್ಲೋ ಕಳಿಸಿಡುತ್ತದೆ. ಮನೆಯ ವೈಫೈ ಸಿಕ್ಕ ಕೂಡಲೇ ಶುರು. ಸಂಜೆ ನಾನು ಬರುತ್ತೇನೆ, ಅದು ಕಳಿಸಲು ಕೂರುತ್ತದೆ. ಮಲಗುವಾಗ ನಾನು ಆಫ್ ಮಾಡಿಬಿಡುತ್ತೇನೆ, ಮುಗಿದಿರುವುದಿಲ್ಲ. ಮರುದಿನ ಮತ್ತೆ. “ನಾನು ಒತ್ತಿದ್ದು ಅಪ್ಪಂಗೆ ಹೋಗೋ ದಾರೀಲಿ ನಿಮ್ಮ ಫೋಟೋಗಳು ಕ್ಯೂ ನಿಂತಿದಾವೆ. ಹೆಂಗೆ ಹೋಗುತ್ತೆ?”

ಯಾವುದು ಸಿಕ್ಕಿಹಾಕಿಕೊಂಡಿದೆ ಅಂತ ನೋಡಿದಳು. ರಿಜಿಸ್ಟ್ರಾರ್ ಆಫೀಸಿನ ವಿಡಿಯೋ. ನಮ್ಮ ಮದುವೆಯದು. ಉದ್ದದ್ದು, ಭಾರದ್ದು. ಮೂವರೂ ಸೋಫಾದಲ್ಲಿ ಕೂತು ನೋಡಿದೆವು. ನಾನು ಪೆನ್ನು ತಲೆಕೆಳಗು ಹಿಡಿದು ಸಹಿ ಹಾಕಲು ಹೋಗುತ್ತಿದ್ದೇನೆ. ಇವಳು ತಿರುಗಿಸಿ ಕೊಡುತ್ತಾಳೆ. ಹಿಂದೆ ಗುಬ್ಬಿ, ಮುಖ ದುಮ್ಮಿಸಿಕೊಂಡು, ಗೋಡೆಗೆ ಒರಗಿ. ಆದರೆ ಇವಳು ಪೆನ್ನು ತಿರುಗಿಸುವಾಗ ಗುಬ್ಬಿ ಒಂದು ಚೂರು ನಕ್ಕಿದ್ದಾಳೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

“ನಾನು ನಕ್ಕಿಲ್ಲ. ಆಕಳಿಸಿದ್ದು,” ಅಂದಳು.

“ಹೌದಮ್ಮ, ಆಕಳಿಕೆ,” ಅಂದೆವು ಇಬ್ಬರೂ.

ಬ್ಯಾಕಪ್ಪನ್ನು ಬೆಳಗಿನ ಹೊತ್ತಿಗೆ ತಾನೇ ಆನ್ ಮಾಡಿಕೊಡುತ್ತಾಳಂತೆ. “ಆ ವಿಡಿಯೋ ಪೂರ್ತಿ ಹೋಗ್ಲಿ. ಕಳೆದುಹೋದ್ರೆ?”

ನವೆಂಬರ್ 23, ಭಾನುವಾರ

ಯಾವ ತಂಟೆಯೂ ಬೇಡ ಅಂತ ಉದ್ದನೆಯ ಕೇಬಲ್ ತಂದು ರೌಟರಿನಿಂದ ಅವಳ ಲ್ಯಾಪ್‌ಟಾಪಿನವರೆಗೆ ಎಳೆದೆ. ನಾನು ಕ್ಲಿಪ್ ಹೊಡೆಯುತ್ತಾ ಹೋದೆ, ಅವಳು ಕೇಬಲ್ ನೇವರಿಸಿ ನೆಟ್ಟಗೆ ಮಾಡುತ್ತಾ ಬಂದಳು. ಗೋಡೆಗಿಂತ ಹೆಚ್ಚು ಏಟು ನನ್ನ ಹೆಬ್ಬೆರಳಿಗೆ.

ಇವಳು ಬಾಗಿಲಿಗೆ ಒರಗಿ ನೋಡುತ್ತಿದ್ದಳು. “ಇಡೀ ಮನೆಗೆ ಅವನ ದನಿ ಕೇಳೋ ಹಾಗೆ ನೀವೇ ಮಾಡ್ತಿದ್ದೀರಲ್ಲ.”

“ಬೇಡವಾ?”

“ಬೇಡ ಅಂದ್ನಾ?” ಕೆಳಗೆ ಬಿದ್ದ ಕ್ಲಿಪ್ ಎತ್ತಿಕೊಟ್ಟು, “ನಮ್ಮಿಬ್ಬರಿಗೆ ಕೂಡಿ ಬರಲಿಲ್ಲ. ಅವಳಿಗೆ ಅವನು ಒಳ್ಳೆ ಅಪ್ಪ. ಅದನ್ನ ನೀವು ನೋಡಿದ್ರಲ್ಲ, ಅಷ್ಟು ಸಾಕು ನನಗೆ” ಅಂದಳು. ಹೆಬ್ಬೆರಳಿಗೆ ಐಸ್ ತಂದು ಒತ್ತಿದಳು.

ನವೆಂಬರ್ 26, ಬುಧವಾರ

ಗಾಜಿನ ಗೋಡೆಯ ಮುಕ್ಕಾಲು. ಬಿದ್ದರು. ಈ ಸಲ ನೆಟ್ಟಿನಿಂದಲ್ಲ, ಅವಳ ಅಪ್ಪ ತಪ್ಪು ಗುಂಡಿ ಒತ್ತಿದ್ದಕ್ಕೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ತಮ್ಮ ತಪ್ಪಿಗೆ ತಾವೇ ಬೀಳುವುದರಲ್ಲೂ ಒಂದು ಸುಖವಿದೆ.

ನಾಳೆ ಕೊನೆಯ ದಿನ.

ನವೆಂಬರ್ 27, ಗುರುವಾರ

ಎಲ್ಲಿಂದ ಶುರು ಮಾಡಲಿ.

ಆರೂವರೆಗೆ ಬೀದಿಯ ತಿರುವಿನಲ್ಲೇ ಕಂಡಿತು. ಪೈಪಿಗಾಗಿ ರಸ್ತೆ ಅಗೆದಿದ್ದಾರೆ. ಅಗೆಯುವ ಯಂತ್ರದ ಹಲ್ಲಿಗೆ ಸಿಕ್ಕಿ ಇಡೀ ಬೀದಿಯ ನೆಟ್ ಕೇಬಲ್ ತುಂಡು. ನಾಳೆ ಮಧ್ಯಾಹ್ನದವರೆಗೆ ಇಲ್ಲ. ಮನೆಗೆ ಹೋದರೆ ಗುಬ್ಬಿ ಸತ್ತ ರೌಟರಿನ ಮುಂದೆ ಕೂತಿದ್ದಾಳೆ. ಕೆಂಪು ದೀಪ. ಇವಳು ಅವಳ ಬೆನ್ನು ಸವರುತ್ತಿದ್ದಾಳೆ.

“ನನ್ನ ಫೋನಿನ ನೆಟ್?” ಅಂದೆ.

“ಮನೆಯೊಳಗೆ ಸಿಗ್ನಲ್ಲೇ ಬರಲ್ವಲ್ಲ.”

ಫೋನ್ ಹಿಡಿದುಕೊಂಡು ಕೋಣೆಕೋಣೆ ಸುತ್ತಿದೆವು. ಒಂದೇ ಒಂದು ಜಾಗ. ಬಾಲ್ಕನಿಯ ಮೂಲೆಯಲ್ಲಿ, ಗ್ರಿಲ್ಲಿನ ಮೇಲೆ, ಕೈಯನ್ನು ಪೂರ್ತಿ ಹೊರಗೆ ಚಾಚಿದರೆ ಸಿಗ್ನಲ್ ಏರುತ್ತದೆ. ಕೈ ಇಳಿಸಿದರೆ ಅದೂ ಇಳಿಯುತ್ತದೆ. ಲ್ಯಾಪ್‌ಟಾಪನ್ನು ವಾಷಿಂಗ್ ಮೆಷಿನ್ ಮೇಲೆ ಇಟ್ಟೆವು. ಅದರಿಂದ ಫೋನಿಗೆ ಒಂದು ವಯರು. ನಾನು ಸ್ಟೂಲ್ ಹತ್ತಿದೆ.

ಅಷ್ಟರಲ್ಲಿ ನೆನಪಾಯಿತು. ಊರಿನಲ್ಲಿರುವ ನನ್ನ ಅಮ್ಮ ದಿನವೂ ಸಂಜೆ ಈ ಹೊತ್ತಿಗೇ ಫೋನ್ ಮಾಡುತ್ತಾರೆ. ನಾನೇ ಮಾಡಿದೆ. “ಅಮ್ಮಾ, ಎಂಟರವರೆಗೆ ಫೋನ್ ಮಾಡ್ಬೇಡ.”

“ಯಾಕೋ? ಹೆಂಡ್ತಿ ಜೊತೆ ಜಗಳವೇನೋ?”

“ಇಲ್ಲಮ್ಮ. ಗುಬ್ಬಿ ಬೆಟ್ಟ ಹತ್ತಬೇಕು.”

“ಈ ಕತ್ತಲಲ್ಲಾ!”

ಆಮೇಲೆ ಹೇಳ್ತೀನಿ ಅಂತ ಇಟ್ಟೆ.

ಏಳು. ಕೈ ಮೇಲೆತ್ತಿ ನಿಂತೆ. ಲ್ಯಾಪ್‌ಟಾಪು ನನ್ನ ಪಕ್ಕದಲ್ಲೇ, ಸ್ಪೀಕರ್ ಎಂದಿನಂತೆ ಹಾಕಿತ್ತು. ಹಾಗಾಗಿ ಎಲ್ಲವನ್ನೂ ಕೇಳಿದೆ, ನೋಡಿದೆ. ಇಷ್ಟು ದಿನ ಗೋಡೆಯಾಚೆ ಇದ್ದ ಬೆಟ್ಟ. ನೀಲಿ ಮಂಜು. ಕೆಂಪು ಕೋಟಿನದು ಅವಳು, ಹಳದಿ ಅವನು. ಮಧ್ಯೆ ಎಳೆಯಷ್ಟು ಹಗ್ಗ.

ಅರ್ಧ ದಾರಿಗೆ ನನ್ನ ಕೈ ನಡುಗತೊಡಗಿತು. ಬದಲಿಸಿದೆ. ಒಂದು ಗಳಿಗೆ ಚಿತ್ರ ನಿಂತಿತು. “ಅಲ್ಲಾಡಬೇಡಿ!” ಗುಬ್ಬಿ ಕಿರುಚಿದಳು. ಅಲ್ಲಾಡಲಿಲ್ಲ. ಇವಳು ಒಳಗಿನಿಂದ ಓಡಿಬಂದು, ಎರಡೂ ಅಂಗೈ ಸೇರಿಸಿ ನನ್ನ ಮೊಣಕೈಯನ್ನು ಕೆಳಗಿನಿಂದ ಎತ್ತಿ ಹಿಡಿದಳು. ಹಾಗೇ ನಿಂತೆವು.

ಗಾಜಿನ ಗೋಡೆ. ಗುಬ್ಬಿ ಜಾರಿದಳು. ಹಗ್ಗ ಸೆಟೆಯಿತು. ಅವನು ಹಿಡಿದ. “ಹಿಡಿದೆ ಕಣೋ!” ನಾಲ್ಕು ಹೆಜ್ಜೆ ಹೋಗಿ ಅವನು ಜಾರಿದ. ಗುಬ್ಬಿ ಹಿಡಿದಳು. ಉಸಿರು ಮಾತ್ರ. ನಾನೂ ಉಸಿರು ಹಿಡಿದಿದ್ದೆ, ಬಿಡಿ ಅನ್ನುವವರು ಯಾರೂ ಇರಲಿಲ್ಲ.

ಮೇಲೆ ಏನೂ ಇರಲಿಲ್ಲ. ಒಂದು ಬಾವುಟ, ಗಾಳಿ. ಕೆಂಪು ಕೋಟು, ಹಳದಿ ಕೋಟು ಪಕ್ಕಪಕ್ಕ ಕೂತವು.

“ಬಂದ್ವಲ್ಲೋ ಗುಬ್ಬಿ,” ಅಂದ ಅವನು. ದನಿ ಒದ್ದೆ.

“ಹೂಂ.”

ಆಮೇಲೆ ಅವಳೇ ಹೇಳಿದಳು. ರಸ್ತೆ, ಕೇಬಲ್ಲು, ಸ್ಟೂಲು. ಅವನು ಗಂಟಲು ಸರಿಮಾಡಿಕೊಂಡ. “ಅವರು... ಅಲ್ಲೇ ಇದ್ದಾರಾ?”

“ಇದ್ದೀನಿ,” ಅಂದೆ, ಸ್ಟೂಲಿನ ಮೇಲಿನಿಂದ. “ನಮಸ್ಕಾರ. ಕೈ ಮುಗಿಯೋಕೆ ಆಗ್ತಿಲ್ಲ.”

ಅವನು ನಕ್ಕ. ಮೊದಲು ಕೆಮ್ಮಿದ ಹಾಗೆ. “ಕೈ ನೋಯ್ತಿರಬೇಕಲ್ಲ?”

“ದಿನಾ ಜನರಿಗೆ ಅಲ್ಲಾಡಬೇಡಿ ಅಂತ ಗದರೋನು ನಾನು. ಇವತ್ತು ನನ್ನ ಸರದಿ.”

ಆಮೇಲೆ ಅವನೇ ಹೇಳಿದ. “ಒಂದು ಮಾತು. ಅವಳಿಗೆ ದುಃಖ ಆದ್ರೆ ಅಳಲ್ಲ. ಮೂಗು ಉಜ್ಜಿಕೊಳ್ತಾಳೆ. ಆಗ ಏನಾಯ್ತು ಅಂತ ಕೇಳ್ಬೇಡಿ. ಸುಮ್ನೆ ಪಕ್ಕದಲ್ಲಿ ಕೂತಿದ್ರೆ ಸಾಕು. ಇನ್ನೊಂದು, ಲೆಕ್ಕ ಅರ್ಥ ಆಯ್ತು ಅಂತಾಳೆ. ನಂಬಬೇಡಿ.”

“ಅಪ್ಪಾ! ನಾನು ಇಲ್ಲೇ ಇದೀನಿ!”

“ನೀನು ಇದೀಯ ಅಂತಾನೇ ಹೇಳ್ತಿರೋದು.”

“ಸರಿ,” ಅಂದೆ. “ಹುಷಾರಾಗಿ ಹೋಗಿ ಬನ್ನಿ. ನಿಮ್ಮ ದಾರಿ ಕಾಯ್ತಿರ್ತೀವಿ.” ‘ಕಾಯ್ತಿರ್ತಾಳೆ’ ಅನ್ನಲು ಹೊರಟಿದ್ದೆ. ಬಾಯಿಗೆ ಬಂದದ್ದು ‘ಕಾಯ್ತಿರ್ತೀವಿ’. ಇವಳ ಅಂಗೈ ನನ್ನ ಮೊಣಕೈಯನ್ನು ಒಂದು ಸಲ ಒತ್ತಿತು.

ಈಗ ಬಲಗೈ ಎತ್ತಲಾಗುತ್ತಿಲ್ಲ. ಅಕ್ಷರಗಳು ಹುಳುವಿನ ಹಾಗೆ ಹರಿದಾಡುತ್ತಿವೆ.

ನವೆಂಬರ್ 29, ಶನಿವಾರ

ಅಮ್ಮನ ಫೋನು. ಮೊದಲ ಮಾತೇ, “ಹುಡುಗಿ ಇಳಿದಳೇನೋ?”

ಹಡಗು ನಿನ್ನೆ ಹೊರಟಿತು.

ಏಳಕ್ಕೆ ಗುಬ್ಬಿ ಕೋಣೆಗೆ ಹೋದಳು. ಬಾಗಿಲು ಮುಚ್ಚಲಿಲ್ಲ. ಕಂಪ್ಯೂಟರ್ ಹಾಕಲೂ ಇಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಮೂಗು ಉಜ್ಜಿಕೊಂಡಳು. ಹೋಗಿ ಪಕ್ಕದಲ್ಲಿ ಕೂತೆ. ಎಂಟರವರೆಗೆ.

ಡಿಸೆಂಬರ್ 2, ಮಂಗಳವಾರ

ಸಂಜೆ ಗುಬ್ಬಿ ಲೆಕ್ಕದ ಪುಸ್ತಕ ಹಿಡಿದು ಬಂದಳು. “ಅರ್ಥ ಆಗಿಲ್ಲ” ಅಂತ ತಾನೇ ಹೇಳಿದಳು. ಇಬ್ಬರೂ ತಲೆ ಕೆರೆದುಕೊಂಡೆವು. ಕೊನೆಗೆ ಇವಳು ಬಂದು ಬಿಡಿಸಿದಳು.

ಆಮೇಲೆ ಗುಬ್ಬಿ ಬಾಗಿಲಲ್ಲಿ ನಿಂತು, ಉಗುರು ನೋಡಿಕೊಳ್ಳುತ್ತಾ, “ನಿಮಗೆ ಆಡೋಕೆ ಬರಲ್ಲ ಅಲ್ವಾ?” ಅಂದಳು.

“ಇಲ್ಲ. ಯಾವ ಗುಂಡಿ ಏನು ಅಂತಾನೂ ಗೊತ್ತಿಲ್ಲ.”

“ಆ ಬೆಟ್ಟ ಅಪ್ಪಂದು. ಅದ್ರಲ್ಲಿ ಬೇಡ. ಅಪ್ಪ ಬಂದ್ಮೇಲೆ ಅಲ್ಲಿಂದಲೇ ಮುಂದೆ.”

“ಹೌದು. ಅದು ನಿಮ್ಮಿಬ್ಬರದೇ.”

“ನಿಮಗೆ ಅದೇ ಆಟದಲ್ಲಿ ಬೇರೆ ಮಾಡಿದೀನಿ. ಚಿಕ್ಕದು, ಗುಡ್ಡ. ಹಿಮ ಇಲ್ಲ, ಹುಲ್ಲಿದೆ. ಬಿದ್ರೂ ಜಾಸ್ತಿ ಕೆಳಗೆ ಹೋಗಲ್ಲ.”

ಐದು ನಿಮಿಷ ಕೊಡು, ಬರುತ್ತೇನೆ ಅಂದೆ. ಇಷ್ಟು ಬರೆದುಕೊಳ್ಳಬೇಕಿತ್ತು. ಇವಳು ಅಡುಗೆಮನೆಯಿಂದ ನೋಡಿಯೂ ನೋಡದ ಹಾಗೆ ಇದ್ದಾಳೆ. ಗುಬ್ಬಿ ಕೂಗುತ್ತಿದ್ದಾಳೆ. ಹಗ್ಗ ಆಗಲೇ ಕಟ್ಟಿದ್ದಾಳಂತೆ, ನಾನು ಹೋಗದಿದ್ದರೆ ಅವಳೂ ಅಲ್ಲಾಡುವ ಹಾಗಿಲ್ಲ, ಅದಕ್ಕೇ ಈಗ...